ಕಾನೂನು ಬಿಗಿಯಾಯಿತು, ಅಳೆಯುವವರು ಯಾರು?

ಮುನಿರಾಬಾದಿನಿಂದ ಗಿಣಿಗೇರಾ ಹೆಚ್ಚು ದೂರವಿಲ್ಲ. ಎರಡೂ ಕೊಪ್ಪಳ ತಾಲ್ಲೂಕಿನವೇ. ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಹುಟ್ಟುತ್ತದೆ. ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಸುತ್ತ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳಿವೆ. 2024ರಲ್ಲಿ ಕಾಲುವೆಗೂ ಕಾರ್ಖಾನೆಗೂ ಸಂಬಂಧಿಸಿದ ಕಾನೂನುಗಳು ಬದಲಾದವು, ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ನಿಯಮ ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿತ್ತು. ಕೇಂದ್ರದ ಜನವಿಶ್ವಾಸ ಕಾಯ್ದೆಯಿಂದಾಗಿ 2024ರ ಏಪ್ರಿಲ್ 1ರಿಂದ ಅದು ಹೋಗಿ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂತು. ಈಗ ದಂಡ ಕಟ್ಟದೇ ಉಳಿದರಷ್ಟೇ ಜೈಲಿನ ಮಾತು. ಅದೇ ವರ್ಷದ ಮಳೆಗಾಲದ ಅಧಿವೇಶನದಲ್ಲಿ ರಾಜ್ಯ ವಿಧಾನಮಂಡಲ 1965ರ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಿತು. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಸೆರೆವಾಸವನ್ನೂ ದಂಡವನ್ನೂ ಏರಿಸಿತು. ಕಾಲುವೆಯ ಅಂಚಿನಲ್ಲಿ ಕೊಳವೆಬಾವಿ ಕೊರೆಸುವುದಕ್ಕೂ ನಿರ್ಬಂಧ ಹಾಕಿತು.

ಕಾಲುವೆಗೆ ಪೈಪು ಇಳಿಬಿಟ್ಟ ರೈತನಿಗೆ ಜೈಲು ಹತ್ತಿರವಾಯಿತು. ಹೊಲದ ಮೇಲೆ ಕರಿ ಬೂದಿ ಸುರಿಸುವ ಕಾರ್ಖಾನೆಗೆ ದೂರವಾಯಿತು. ಎರಡೂ ಸರ್ಕಾರಗಳು ತಮ್ಮ ಕ್ರಮಕ್ಕೆ ಕಾರಣ ಕೊಟ್ಟಿವೆ. ಕ್ರಿಮಿನಲ್ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ, ಬೇಗ ಬೀಳುವ ದಂಡವೇ ಹೆಚ್ಚು ಪರಿಣಾಮಕಾರಿ ಎನ್ನುತ್ತದೆ ಕೇಂದ್ರ. ಕೊನೆ ಭಾಗದ ರೈತರಿಗೆ ನೀರು ಮುಟ್ಟಿಸಬೇಕಾದರೆ ಕಠಿಣ ಶಿಕ್ಷೆ ಬೇಕೇ ಬೇಕು ಎನ್ನುತ್ತದೆ ರಾಜ್ಯ. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ಹುರುಳಿದೆ. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಪ್ರಶ್ನೆ ಏಳುತ್ತದೆ: ಕೇಸು ಎಳೆಯುತ್ತದೆ ಎಂಬ ಕಾರಣಕ್ಕೆ ಕಾರ್ಖಾನೆಗೆ ಜೈಲು ಬೇಡವಾದರೆ, ರೈತನ ಮೇಲಿನ ಕೇಸು ಎಳೆಯುವುದಿಲ್ಲವೇ?

ಸರ್ಕಾರ ಒಂದು ನಿಯಮವನ್ನು ಬಿಗಿ ಮಾಡಿತು ಎಂದು ಸುದ್ದಿ ಬಂದಾಗ ನಾವು ಮೊದಲು ನೋಡುವುದು ಶಿಕ್ಷೆ ಎಷ್ಟು ವರ್ಷ, ದಂಡ ಎಷ್ಟು ಲಕ್ಷ ಎಂಬುದನ್ನು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಗಣಿ, ನೀರು, ಮರಳು, ಸಾಲ, ಕೂಲಿ ಹೀಗೆ ಬಿಗಿಯಾಗದ ಕ್ಷೇತ್ರವೇ ಇಲ್ಲ. ಅವನ್ನೆಲ್ಲ ಸಾಲಾಗಿ ಗಮನಿಸಿದವನಾಗಿ ನನಗೆ ಅನ್ನಿಸುವುದು ಇಷ್ಟು: ನಿಯಮ ನಿಜಕ್ಕೂ ಬಿಗಿಯಾಗಿದೆಯೋ ಇಲ್ಲವೋ ಎಂಬುದನ್ನು ಶಿಕ್ಷೆಯ ಕಲಮಿನಲ್ಲಿ ಹುಡುಕಿದರೆ ಸಿಗದು. ತಪ್ಪನ್ನು ಅಳೆಯುವ ಸಾಧನ ಇದೆಯೇ, ಅಳೆಯುವ ಕೈ ಯಾರ ಅಧೀನದಲ್ಲಿದೆ, ಅಳತೆಯ ಲೆಕ್ಕ ಯಾರ ಕಣ್ಣಿಗೆ ಬೀಳುತ್ತದೆ ಎಂಬುದರಲ್ಲಿ ಹುಡುಕಬೇಕು.

ಇದಕ್ಕೆ ಬಳ್ಳಾರಿಯಷ್ಟು ಒಳ್ಳೆಯ ಪಾಠ ದೇಶದಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

ಎರಡು ಸಾವಿರದ ದಶಕದಲ್ಲಿ ಚೀನಾದ ಉಕ್ಕಿನ ಬೇಡಿಕೆ ಏರಿ, ಸಂಡೂರು–ಹೊಸಪೇಟೆ–ಬಳ್ಳಾರಿ ಪಟ್ಟಿಯ ಅದಿರಿಗೆ ಚಿನ್ನದ ಬೆಲೆ ಬಂತು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಇದ್ದಾಗ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಒಳ್ಳೆಯ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. 2009ರ ಆಗಸ್ಟಿನಲ್ಲಿ ಅದು ಬೆಲೆಯ ಶೇ 10ಕ್ಕೆ, 2014ರಲ್ಲಿ ಶೇ 15ಕ್ಕೆ ಬದಲಾಯಿತು. ಅಷ್ಟರೊಳಗೆ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಆ ಕಾಲದಲ್ಲಿ ಕಾನೂನು ಇರಲಿಲ್ಲವೇ? ಇತ್ತು. 1957ರ ಗಣಿ ಮತ್ತು ಖನಿಜ ಕಾಯ್ದೆ ಇತ್ತು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇತ್ತು, ಮೋಟಾರು ವಾಹನ ಕಾಯ್ದೆಯಲ್ಲಿ ಲಾರಿಗೆ ಎಷ್ಟು ಟನ್ ಹೇರಬೇಕೆಂಬ ಮಿತಿಯೂ ಇತ್ತು. ಪರ್ಮಿಟ್ ಇಲ್ಲದೆ ಅದಿರು ಸಾಗಿಸುವಂತಿರಲಿಲ್ಲ. ಆದರೂ ಒಂದೇ ಪರ್ಮಿಟಿನಲ್ಲಿ ಹಲವು ಟ್ರಿಪ್ಪು ಹೊಡೆಯುವುದು, ಮಿತಿಯ ದುಪ್ಪಟ್ಟು ಹೇರುವುದು, ಚೆಕ್‌ಪೋಸ್ಟಿನಲ್ಲಿ ಯಾರೂ ತಡೆಯದಂತೆ ಮೊದಲೇ ‘ವ್ಯವಸ್ಥೆ’ ಮಾಡಿಕೊಳ್ಳುವುದು ಹಾಡಹಗಲೇ ನಡೆಯುತ್ತಿತ್ತು. ಈ ವ್ಯವಸ್ಥೆಗೆ ‘ಝೀರೋ ರಿಸ್ಕ್’ ಎಂಬ ಹೆಸರೂ ಇದ್ದದ್ದು ಲೋಕಾಯುಕ್ತ ತನಿಖೆಯಲ್ಲಿ ದಾಖಲಾಯಿತು.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯದನ್ನೂ ಕೊಟ್ಟರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ತಂಡ ಬಂದರುಗಳ ರಫ್ತು ಲೆಕ್ಕ, ರೈಲ್ವೆ ಲೆಕ್ಕ, ಬ್ಯಾಂಕ್ ಖಾತೆ, ಗಣಿ ಇಲಾಖೆಯ ಪರ್ಮಿಟ್ಟು ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿತು. ಹೊರಗೆ ಹೋದ ಅದಿರು ಎಷ್ಟು, ಪರ್ಮಿಟ್ ಇದ್ದದ್ದು ಎಷ್ಟಕ್ಕೆ ಎಂಬ ಸರಳ ಕಳೆಯುವ ಲೆಕ್ಕದಿಂದಲೇ ಹಗರಣದ ಗಾತ್ರ ಗೊತ್ತಾಯಿತು. ನಾಲ್ಕೈದು ವರ್ಷಗಳಲ್ಲಿ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ವರದಿ ಅಂದಾಜಿಸಿತು. ಆ ವರದಿಯ ಬಲ ಅದರ ಆರೋಪಗಳಿಗಿಂತ ಹೆಚ್ಚಾಗಿ ಆ ಲೆಕ್ಕದಲ್ಲಿತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಗಿ ಬಂದದ್ದು ಭಾಷಣಗಳಿಂದಲ್ಲ.

ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. 2011ರ ಜುಲೈ 29ರಂದು ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರಿಗೂ ಅದನ್ನು ವಿಸ್ತರಿಸಿತು. ನಿಷೇಧ ಹೇರುವುದು ಯಾವ ಸಂಸ್ಥೆಗಾದರೂ ಸುಲಭ. 2010ರ ಜುಲೈನಲ್ಲಿ ರಾಜ್ಯ ಸರ್ಕಾರವೂ ಅದಿರು ರಫ್ತಿನ ಮೇಲೆ ನಿಷೇಧ ಹೇರಿತ್ತು. ಕೋರ್ಟಿನ ಕ್ರಮ ಬೇರೆಯಾದದ್ದು ನಿಷೇಧದ ನಂತರ. ಕೋರ್ಟಿಗೆ ವರದಿ ಕೊಡುವ ಕೇಂದ್ರ ಉನ್ನತಾಧಿಕಾರ ಸಮಿತಿಯ ಮೇಲ್ವಿಚಾರಣೆಯಲ್ಲಿ ಜಂಟಿ ತಂಡಗಳು ಒಂದೊಂದೂ ಗಣಿ ಗುತ್ತಿಗೆಯ ಗಡಿಯನ್ನು ಹೊಸದಾಗಿ ಅಳೆದವು. ಉಪಗ್ರಹ ಚಿತ್ರಗಳನ್ನು ಹೋಲಿಸಿದವು. ಮಂಜೂರಾದ ಗಡಿಯಿಂದಾಚೆ ಎಷ್ಟು ಹೆಕ್ಟೇರ್ ಅಗೆಯಲಾಗಿದೆ, ಎಷ್ಟರಲ್ಲಿ ಮಣ್ಣು ಸುರಿಯಲಾಗಿದೆ ಎಂದು ಲೆಕ್ಕ ಹಾಕಿದವು. ಆ ಲೆಕ್ಕದ ಮೇಲೆ ಗುತ್ತಿಗೆಗಳು ಎ, ಬಿ, ಸಿ ಎಂದು ಮೂರು ಪಾಲಾದವು. ಉಲ್ಲಂಘನೆ ಇಲ್ಲದ ಅಥವಾ ತೀರಾ ಅಲ್ಪವಾದವು ಎ. ಗಡಿ ಮೀರಿದ ಗುಂಡಿ ಗುತ್ತಿಗೆ ಪ್ರದೇಶದ ಶೇ 10ರೊಳಗೆ, ಮಣ್ಣಿನ ರಾಶಿ ಶೇ 15ರೊಳಗೆ ಇದ್ದವು ಬಿ. ಅದಕ್ಕೂ ಮೀರಿದವು ಸಿ.

2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಐವತ್ತರ ಆಸುಪಾಸಿನ ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣು ರಾಶಿ ಹಾಕಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಿ, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಕೊಂಡ ಮೇಲಷ್ಟೇ ಗಣಿ ಆರಂಭಿಸಬಹುದಿತ್ತು. ಒಟ್ಟು ಉತ್ಪಾದನೆಗೆ ವರ್ಷಕ್ಕೆ 30 ಮಿಲಿಯನ್ ಟನ್ ಮಿತಿ. ಅದರಲ್ಲಿ ಬಳ್ಳಾರಿಗೆ 25. ಮಾರಾಟವೆಲ್ಲ ಕೋರ್ಟು ನೇಮಿಸಿದ ಉಸ್ತುವಾರಿ ಸಮಿತಿಯ ಇ–ಹರಾಜಿನ ಮೂಲಕವೇ. ಲಾರಿಗೆ ಜಿಪಿಎಸ್, ವೇಬ್ರಿಜ್ಜಿಗೆ ಕಂಪ್ಯೂಟರ್, ಪರ್ಮಿಟ್ ಆನ್‌ಲೈನ್.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಗಣಿ ಕಾಯ್ದೆಯಲ್ಲಿ ಅಕ್ರಮ ಗಣಿಗಾರಿಕೆಗೆ ಇದ್ದ ಎರಡು ವರ್ಷದ ಸೆರೆ, 25 ಸಾವಿರ ರೂಪಾಯಿ ದಂಡವನ್ನು ಸಂಸತ್ತು ಐದು ವರ್ಷ ಮತ್ತು ಹೆಕ್ಟೇರಿಗೆ 5 ಲಕ್ಷ ರೂಪಾಯಿಗೆ ಏರಿಸಿದ್ದು 2015ರಲ್ಲಿ. ಬಳ್ಳಾರಿಯ ಅಕ್ರಮ ಅದಕ್ಕೂ ನಾಲ್ಕು ವರ್ಷ ಮೊದಲೇ ನಿಂತಿತ್ತು, ಅದೂ ಹಳೆಯ ಕಾಯ್ದೆಯಲ್ಲೇ. ಗಡಿಕಲ್ಲು ನೆಟ್ಟದ್ದರಿಂದ, ಟನ್ನು ಎಣಿಸಿದ್ದರಿಂದ, ಎಣಿಸುವವರು ಗಣಿ ಮಾಲೀಕರಿಗೂ ರಾಜ್ಯ ಸರ್ಕಾರಕ್ಕೂ ಉತ್ತರಿಸಬೇಕಿಲ್ಲದ್ದರಿಂದ ನಿಂತಿತ್ತು.

ಜೈಲಿನ ದಾರಿ ಎಷ್ಟು ಉದ್ದ ಎಂಬುದಕ್ಕೂ ಬಳ್ಳಾರಿಯೇ ಸಾಕ್ಷಿ. ಬಳ್ಳಾರಿಯ ಗಡಿಗೆ ಹೊಂದಿದ ಆಂಧ್ರದ ಓಬಳಾಪುರಂ ಮೈನಿಂಗ್ ಕಂಪನಿಯ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಸಿಬಿಐ ಬಂಧನ ನಡೆದದ್ದು 2011ರ ಸೆಪ್ಟೆಂಬರಿನಲ್ಲಿ. ಹೈದರಾಬಾದಿನ ವಿಶೇಷ ನ್ಯಾಯಾಲಯ ಶಿಕ್ಷೆ ಪ್ರಕಟಿಸಿದ್ದು 2025ರ ಮೇ ತಿಂಗಳಲ್ಲಿ. ಮರು ತಿಂಗಳೇ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಆರೋಪಿಯ ಹಕ್ಕಿನ ದೃಷ್ಟಿಯಿಂದ ಮೇಲ್ಮನವಿ ಸರಿಯಾದದ್ದೇ. ಆದರೆ ಹದಿಮೂರೂವರೆ ವರ್ಷದ ನಂತರವೂ ಮುಗಿಯದ ಒಂದು ಕೇಸನ್ನೇ ನಂಬಿ ಕೂತಿದ್ದರೆ ಸಂಡೂರಿನ ಗುಡ್ಡಗಳಲ್ಲಿ ಎಷ್ಟು ಉಳಿಯುತ್ತಿತ್ತು ಎಂದು ಯೋಚಿಸಬೇಕು.

ಈ ಬಿಗಿಯ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಗಣಿ ನಿಂತ ದಿನವೇ ಕೂಲಿ ನಿಂತಿತು. ಮಾಲೀಕರು ದಂಡ ಕಟ್ಟಲು, ಯೋಜನೆ ಸಲ್ಲಿಸಲು, ವಕೀಲರನ್ನಿಡಲು ಕಾಲಾವಕಾಶ ಪಡೆದರು. ಅದಿರು ಆರಿಸುತ್ತಿದ್ದ, ಲೋಡು ಮಾಡುತ್ತಿದ್ದ ಕುಟುಂಬಗಳಿಗೆ ಅಂಥ ಅವಕಾಶ ಇರಲಿಲ್ಲ. ಸಾಲ ಮಾಡಿ ಲಾರಿ ಕೊಂಡವರ ಗಾಡಿಗಳು ಮನೆ ಮುಂದೆ ತುಕ್ಕು ಹಿಡಿದವು, ಫೈನಾನ್ಸಿನವರು ಎಳೆದೊಯ್ದರು. ಮಾರಾಟದ ಹಣದಿಂದ ಕಡಿತ ಮಾಡಿ ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿಯಿಂದ ಗಣಿಬಾಧಿತ ಪ್ರದೇಶವನ್ನು ಪುನಶ್ಚೇತನಗೊಳಿಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಯೋಜನೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕು, ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಮೇಲ್ವಿಚಾರಣೆಗೆ ನೇಮಕವಾಗುವ ಹೊತ್ತಿಗೆ 2022 ಬಂದಿತ್ತು. ಎಂಟು ವರ್ಷದಲ್ಲಿ ಒಂದು ಮಗು ಅಂಗನವಾಡಿಯಿಂದ ಹೈಸ್ಕೂಲಿನ ಹತ್ತಿರಕ್ಕೆ ಬರುತ್ತದೆ. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರು ಆ ಹಣದಲ್ಲಿ ತಮಗೂ ಪಾಲಿದೆ ಎಂದು ಕೇಳುತ್ತಲೇ ಬಂದಿದ್ದಾರೆ. ಹೆಕ್ಟೇರಿನ ಉಲ್ಲಂಘನೆಯನ್ನು ಮೀಟರಿನ ಮಟ್ಟಿಗೆ ಅಳೆದ ವ್ಯವಸ್ಥೆ ಕಳೆದುಹೋದ ಕೂಲಿ ದಿನಗಳನ್ನು ಅಳೆಯಲಿಲ್ಲ. ಇದು ಬಳ್ಳಾರಿ ಪಾಠದ ದೊಡ್ಡ ಕೊರತೆ, ಮತ್ತು ಕೋರ್ಟಿನ ಆದೇಶವನ್ನು ಹೊಗಳುವವರು ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಭಾಗ.

ಬಿಗಿ ಮಾಡುವಾಗ ಪತ್ರಿಕೆಯ ಮುಖಪುಟ. ಸಡಿಲ ಮಾಡುವಾಗ ಒಳಪುಟದ ಮೂಲೆ. 2017ರ ಡಿಸೆಂಬರಿನಲ್ಲಿ ಬಳ್ಳಾರಿಯ ಮಿತಿ 28 ಮಿಲಿಯನ್ ಟನ್ನಿಗೆ, 2022ರ ಆಗಸ್ಟಿನಲ್ಲಿ 35ಕ್ಕೆ ಏರಿತು. 2022ರ ಮೇ ತಿಂಗಳಲ್ಲಿ ಇ–ಹರಾಜಿನ ಕಡ್ಡಾಯವೂ ರಫ್ತಿನ ನಿರ್ಬಂಧವೂ ಹೋದವು. ಇವೆಲ್ಲ ಕೋರ್ಟಿನ ಮುಂದೆ ವಾದ ನಡೆದೇ ಆದವು, ಪರಿಸ್ಥಿತಿ ಸುಧಾರಿಸಿದೆ ಎಂಬ ಕಾರಣವೂ ಇತ್ತು. ಆದರೆ ಕಾವಲು ಸಂಸ್ಥೆಯನ್ನೇ ಸಡಿಲ ಮಾಡಿದ್ದು ಬೇರೆ ಮಾತು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ವಿಭಾಗ ಕಟ್ಟಿ, ಲೋಕಾಯುಕ್ತ ಪೊಲೀಸರಿಂದ ಭ್ರಷ್ಟಾಚಾರ ಪ್ರಕರಣಗಳ ತನಿಖೆಯ ಅಧಿಕಾರ ಕಿತ್ತುಕೊಂಡಿತು. ಹೆಸರು ಕೇಳಿದರೆ ಬಿಗಿ ಕ್ರಮ ಎನ್ನಿಸಬೇಕು. ನಿಜದಲ್ಲಿ ಸ್ವತಂತ್ರ ಸಂಸ್ಥೆಯ ಕೈಯಿಂದ ಸರ್ಕಾರದ ಅಧೀನಕ್ಕೆ ತನಿಖೆಯನ್ನು ತಂದ ಕ್ರಮ ಅದು. 2022ರ ಆಗಸ್ಟ್ 11ರಂದು ಹೈಕೋರ್ಟು ಆ ದಳವನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆರು ವರ್ಷ ಕಳೆದಿದ್ದವು.

ಈಗ ಕಾಲುವೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ, ಮಾನ್ವಿ, ಸಿರವಾರ ದಾಟಿ ರಾಯಚೂರಿನತ್ತ ಸುಮಾರು 227 ಕಿಲೋಮೀಟರ್ ಹರಿಯುತ್ತದೆ, ಅಥವಾ ಹರಿಯಬೇಕು. ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಈ ಅಚ್ಚುಕಟ್ಟಿನ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಮೀಸಲು. ನೀರು ತೆಳ್ಳಗೆ ಹರಡಿ ಹೆಚ್ಚು ಹಳ್ಳಿಗಳನ್ನು ಬರದಿಂದ ಉಳಿಸಲಿ ಎಂಬುದು ಉದ್ದೇಶ. ಐವತ್ತು–ಅರವತ್ತರ ದಶಕದಲ್ಲಿ ಆಂಧ್ರದ ಕರಾವಳಿಯಿಂದ ಬಂದ ರೈತರು ಮೇಲ್ಭಾಗದಲ್ಲಿ ಭೂಮಿ ಕೊಂಡು, ಕ್ಯಾಂಪುಗಳನ್ನು ಕಟ್ಟಿ, ಭತ್ತ ನಾಟಿ ಮಾಡಿದರು. ಸ್ಥಳೀಯರೂ ಅದೇ ದಾರಿ ಹಿಡಿದರು. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳು ಎದ್ದದ್ದು ಹೀಗೆ. ಈ ಭಾಗದ ಸಂಪತ್ತಿಗೂ ಅವೇ ಕಾರಣ. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ನೀರು ಕಡಿಮೆಯಾಯಿತು, ಭತ್ತ ಹೆಚ್ಚಿತು. ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತ ಪ್ರತಿ ವರ್ಷ ರಸ್ತೆ ತಡೆದು ಕೂರುತ್ತಾನೆ.

ಬೆಳೆ ಪದ್ಧತಿ ಉಲ್ಲಂಘನೆಗೆ ದಂಡ ಹಾಕುವ ನಿಯಮ ದಶಕಗಳಿಂದ ಇದೆ. ಪ್ರತಿ ಹಂಗಾಮಿನಲ್ಲೂ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡುತ್ತದೆ. ಪಂಪ್‌ಸೆಟ್ಟುಗಳ ವಿದ್ಯುತ್ ಕಡಿಯುತ್ತಾರೆ, ಪೊಲೀಸ್ ಗಸ್ತು ಹಾಕುತ್ತಾರೆ. 2024ರ ತಿದ್ದುಪಡಿ ಇದರ ಮೇಲೆ ಇನ್ನೊಂದು ಪದರ. ಇಷ್ಟೆಲ್ಲ ಇದ್ದೂ ಸಮಸ್ಯೆ ಅಲ್ಲೇ ಇದೆ ಎಂದರೆ ಶಿಕ್ಷೆ ಸಾಲದೆಂದು ಅರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಯಾವ ತೂಬಿನಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟರು, ಯಾವ ವಿತರಣಾ ಕಾಲುವೆಗೆ ಪಾಲು ಎಷ್ಟಿತ್ತು, ಹೋದದ್ದು ಎಷ್ಟು ಎಂಬುದು ರೈತನಿಗೆ ಗೊತ್ತಾಗುವ ದಾರಿಯೇ ಇಲ್ಲ. ಕೊನೆ ಭಾಗದ ರೈತರು ಹೋರಾಟದಲ್ಲಿ ಏನು ಕೇಳುತ್ತಾರೆ ನೋಡಿ: ‘69ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ, 104ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ.’ ಮೇಲ್ಭಾಗದವರನ್ನು ಜೈಲಿಗೆ ಹಾಕಿ ಎಂಬುದು ಅವರ ಮೊದಲ ಬೇಡಿಕೆ ಆಗಿರಲೇ ಇಲ್ಲ. ಗೇಜ್ ಎಂದರೆ ಆ ಜಾಗದಲ್ಲಿ ಕಾಲುವೆಯಲ್ಲಿರಬೇಕಾದ ನೀರಿನ ಮಟ್ಟ. ಅವರು ಕೇಳುತ್ತಿರುವುದು ಅಳತೆ. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಶಾಸಕರು, ಸಚಿವರು ಕೂತು ಇಷ್ಟು ದಿನ ಇಷ್ಟು ಕ್ಯೂಸೆಕ್ ಎಂದು ನಿರ್ಧರಿಸುತ್ತಾರೆ. ಆಮೇಲೆ ಅದನ್ನು ಕಾಯುವವರು ಗುತ್ತಿಗೆ ಆಧಾರದ ಗ್ಯಾಂಗ್‌ಮನ್‌ಗಳು. ತಮ್ಮ ಸಂಬಳಕ್ಕಾಗಿ ತಾವೇ ಧರಣಿ ಕೂರಬೇಕಾದವರು. ರಾತ್ರಿ ಹೊತ್ತು ಒಬ್ಬ ಗ್ಯಾಂಗ್‌ಮನ್ ಪ್ರಭಾವಿಗಳ ತೂಬಿನ ಎದುರು ನಿಂತು ಕಾಯ್ದೆಯ ಕಲಂ ಓದಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಒಂಟಿ ನೌಕರನ ತಲೆಯ ಮೇಲೆ ಬಿಗಿಯ ಭಾರ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ರಾಯಚೂರು ಜಿಲ್ಲೆ ಮರೆಯಬಾರದು. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಗ್ರಾಮಲೆಕ್ಕಿಗರೊಬ್ಬರು ಲಾರಿ ಹರಿದು ಸತ್ತರು. ಮರಳು ನೀತಿ ಆಗಲೂ ಬಿಗಿಯಾಗಿಯೇ ಇತ್ತು, ಆ ನಂತರವೂ ತಿದ್ದುಪಡಿಗಳಾದವು. ಕೃಷ್ಣೆ, ತುಂಗಭದ್ರೆಯ ದಡದಲ್ಲಿ ಕಡಿಮೆಯಿದ್ದದ್ದು ನಿಯಮವೇ? ಆ ನೌಕರನ ಜೊತೆ ಇನ್ನು ನಾಲ್ಕು ಜನ, ಒಂದು ಜೀಪು ಇರಬೇಕಿತ್ತು.

ಕಾರ್ಖಾನೆಗಳ ವಿಷಯದಲ್ಲಿ ಅಳತೆ ಇಲ್ಲವೆಂದಲ್ಲ. ದೊಡ್ಡ ಮಾಲಿನ್ಯಕಾರಕ ಕಾರ್ಖಾನೆಗಳು ಚಿಮಣಿಗೆ ಯಂತ್ರ ಕೂರಿಸಿ ಹೊಗೆಯ ಅಳತೆಯನ್ನು ಸತತವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಆದರೆ ಯಂತ್ರ ಕಾರ್ಖಾನೆಯ ಆವರಣದೊಳಗೆ, ಅದರ ನಿರ್ವಹಣೆಯೂ ಕಾರ್ಖಾನೆಯದೇ. ಹಳ್ಳಿಯವರಿಗೆ ಗೊತ್ತಿರುವ ಅಳತೆ ಬೇರೆ: ಬೆಳಿಗ್ಗೆ ಎದ್ದಾಗ ಮಾಳಿಗೆಯ ಮೇಲೆ ಕೂತ ಬೂದಿ, ದಾಳಿಂಬೆ ಎಲೆಯ ಮೇಲಿನ ಕಪ್ಪು, ದನ ಮೂಸಿ ಬಿಡುವ ಮೇವು. ಈ ಎರಡು ಅಳತೆಗಳು ಎಂದೂ ಒಂದೇ ಮೇಜಿನ ಮೇಲೆ ಬರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಕೊಪ್ಪಳ ನಗರದ ಅಂಚಿನಲ್ಲೇ ಹೊಸ ಉಕ್ಕಿನ ಕಾರ್ಖಾನೆ ಬರುವುದನ್ನು ವಿರೋಧಿಸಿ ಊರಿಗೆ ಊರೇ ಬೀದಿಗಿಳಿಯಿತು, ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯೂ ಜನರೊಂದಿಗೆ ನಿಂತರು, ಮುಖ್ಯಮಂತ್ರಿ ಕೆಲಸ ನಿಲ್ಲಿಸುವಂತೆ ಸೂಚಿಸಿದರು. ಆ ಜನಸಾಗರ ಬೇಕಾದದ್ದೇಕೆ? ಇದ್ದ ಕಾರ್ಖಾನೆಗಳನ್ನು ಅಳೆಯಬೇಕಾದವರು ಅಳೆದು, ತಪ್ಪಿಗೆ ತಕ್ಕ ದಂಡ ಹಾಕಿ, ಅದನ್ನು ಊರಿನವರಿಗೆ ತೋರಿಸಿದ್ದರೆ ಹೊಸದರ ಮೇಲೆ ಇಷ್ಟು ಅಪನಂಬಿಕೆ ಹುಟ್ಟುತ್ತಿರಲಿಲ್ಲ.

ಸಾಲದ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮೈಕ್ರೋ ಫೈನಾನ್ಸ್ ವಸೂಲಿ ಕಿರುಕುಳದಿಂದ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಸಾಲುಸಾಲಾಗಿ ಬಂದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ತಿರುಗಿಸಿ ಕಳಿಸಿ, ಫೆಬ್ರುವರಿ 12ರಂದು ಒಪ್ಪಿದರು. ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಹೆದರಿಸುವ ವಸೂಲಿದಾರರಿಗೆ ಇದು ತಡೆಯಾಯಿತು ಎಂಬುದನ್ನು ನಾನು ಒಪ್ಪುತ್ತೇನೆ. ಮನೆಗೆ ಬೀಗ ಜಡಿಯುವ, ಗೋಡೆಯ ಮೇಲೆ ಬರೆಯುವ ಧೈರ್ಯ ಕುಗ್ಗಿತು. ಆದರೆ ಒಂದೇ ಮನೆಗೆ ನಾಲ್ಕೈದು ಕಂಪನಿಗಳು ‘ಸಂಘ’ದ ಸಾಲ ಕೊಟ್ಟದ್ದು ಹೇಗೆ ಎಂಬ ಪ್ರಶ್ನೆ ರಿಸರ್ವ್ ಬ್ಯಾಂಕಿನ ಅಂಗಳದ್ದು. ತಿಂಗಳ ಕಂತು ಕುಟುಂಬದ ಆದಾಯದ ಅರ್ಧ ಮೀರಬಾರದೆಂಬ ನಿಯಮ 2022ರಿಂದಲೇ ಇದೆ. ಆ ಆದಾಯವನ್ನು ಬರೆದುಕೊಳ್ಳುವವನು ಸಾಲ ಕೊಡುವ ಕಂಪನಿಯ ಏಜೆಂಟ್. ಅವನ ಸಂಬಳ ಎಷ್ಟು ಸಾಲ ಹಂಚಿದ ಎಂಬುದರ ಮೇಲೆ ನಿಂತಿರುವಾಗ ಆ ಅಂಕಿ ಎಷ್ಟು ನಂಬಿಕೆಗೆ ಅರ್ಹ?

ಇಷ್ಟು ಹೊತ್ತು ಅಳತೆ ಇಲ್ಲದ್ದರ ಬಗ್ಗೆ ಹೇಳಿದೆ. ಅಳತೆ ಅತಿಯಾಗಿ ಬಿಗಿಯಾದ ಜಾಗವೂ ನಮ್ಮಲ್ಲಿದೆ, ಅದು ಖಾತ್ರಿ ಕೆಲಸದ ಹೊಲ. ಉದ್ಯೋಗ ಖಾತ್ರಿಯಲ್ಲಿ ಹಾಜರಿ ಹಾಕುವ ಎನ್ಎಂಎಂಎಸ್ ಆ್ಯಪ್ 2022ರ ಮೇ ತಿಂಗಳಿಂದ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕೆಲಸಗಳಿಗೆ, 2023ರ ಜನವರಿ 1ರಿಂದ ಹೆಚ್ಚೂಕಡಿಮೆ ಎಲ್ಲ ಕೆಲಸಗಳಿಗೆ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ, ನಿಗದಿತ ಹೊತ್ತಿನೊಳಗೆ, ಕೆಲಸದ ಜಾಗದಲ್ಲೇ ಫೋಟೊ. 2024ರ ಜನವರಿ 1ರಿಂದ ಕೂಲಿ ಆಧಾರ್ ಜೋಡಣೆಯಾದ ಖಾತೆಗಷ್ಟೇ. ಹಣ ಸೋರಿಕೆ ಇತ್ತು, ಯಂತ್ರದಿಂದ ಕೆಲಸ ಮಾಡಿಸಿ ಕೂಲಿಕಾರರ ಹೆಸರಲ್ಲಿ ಬಿಲ್ಲು ಎತ್ತುವವರಿದ್ದರು, ಇದು ರಾಯಚೂರು ಜಿಲ್ಲೆಯ ಯಾವ ಕೂಲಿಕಾರ್ತಿಯನ್ನು ಕೇಳಿದರೂ ಗೊತ್ತಾಗುತ್ತದೆ. ತಡೆಯಬೇಕಾದ್ದೇ.

ಆದರೆ ತಡೆ ಬಿದ್ದದ್ದು ಯಾರಿಗೆ? ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 43–44 ಡಿಗ್ರಿಗೆ ಏರುತ್ತದೆ. ಹೆಣ್ಣುಮಕ್ಕಳು ನಸುಕಿನಲ್ಲೇ ಬಂದು, ಹೊತ್ತೇರುವುದರೊಳಗೆ ಅಳತೆಯ ಮಣ್ಣು ಅಗೆದು ಮನೆಗೆ ಹೋಗುತ್ತಿದ್ದರು. ಈಗ ಅಗೆದು ಮುಗಿಸಿದರೂ ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಸಿಗದಿದ್ದರೆ, ಹಾಜರಿ ಹಾಕುವ ಕಾಯಕಬಂಧುವಿನ ಮೊಬೈಲ್ ಕೈಕೊಟ್ಟರೆ, ದಿನವಿಡೀ ದುಡಿದವರ ಹಾಜರಿ ಇಲ್ಲ. ದುಡಿದದ್ದಕ್ಕೆ ಸಾಕ್ಷಿಯಾಗಿ ಅಗೆದ ಗುಂಡಿ ಕಣ್ಣೆದುರೇ ಇದ್ದರೂ ಫೋಟೊ ಇಲ್ಲವೆಂದರೆ ಕೂಲಿ ಇಲ್ಲ. ಇನ್ನು ಸೋರಿಕೆ ಮಾಡುತ್ತಿದ್ದವರು? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ, ಸಂಬಂಧವೇ ಇಲ್ಲದ ಚಿತ್ರ ಏರಿಸುತ್ತಿದ್ದಾರೆ, ತಲೆ ಎಣಿಕೆ ತಾಳೆಯಾಗುತ್ತಿಲ್ಲ ಎಂದು ಒಪ್ಪಿಕೊಂಡಿತು. ಅದಕ್ಕೆ ಪರಿಹಾರವಾಗಿ ಪ್ರತಿಯೊಂದು ಫೋಟೊವನ್ನೂ ಗ್ರಾಮ ಪಂಚಾಯಿತಿ ಪರಿಶೀಲಿಸಬೇಕೆಂದಿತು. ಬಿಗಿಯ ಮೇಲೆ ಬಿಗಿ. ಆ್ಯಪ್ ಬರುವ ಮೊದಲೂ ಸುಳ್ಳು ಹಾಜರಿ ಹಾಕುತ್ತಿದ್ದವರು ಆ್ಯಪಿನಲ್ಲೂ ಹಾಕಿದರು. ನಿಜವಾಗಿ ದುಡಿಯುವವರು ಮಾತ್ರ ಕೂಲಿ ಕಳೆದುಕೊಂಡರು. 2022–23ರಲ್ಲಿ ದೇಶದಲ್ಲಿ ಐದು ಕೋಟಿಗೂ ಹೆಚ್ಚು ಕೂಲಿಕಾರರ ಹೆಸರು ಯೋಜನೆಯಿಂದ ಬಿಟ್ಟುಹೋದವು. ನಕಲಿ, ವಲಸೆ, ಕೆಲಸ ಬೇಡವೆಂದವರು ಎಂದು ಸರ್ಕಾರ ಕಾರಣ ಪಟ್ಟಿ ಮಾಡಿತು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಉಗಾದಿಗೆ ಊರಿಗೆ ಮರಳುವ ದೇವದುರ್ಗದ ಕುಟುಂಬಕ್ಕೆ ತಾನು ಪಟ್ಟಿಯಲ್ಲಿ ಇದ್ದೇನೋ ಇಲ್ಲವೋ ಎಂಬುದು ಕೆಲಸ ಕೇಳಿದ ದಿನವೇ ಗೊತ್ತಾಗುವುದು.

2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾಯ್ದೆಯನ್ನೇ ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರುತ್ತವೆ ಎಂಬುದು ಘೋಷಣೆ. ಬಯೋಮೆಟ್ರಿಕ್ ಗುರುತು, ಜಿಪಿಎಸ್ ನಿಗಾ ಇವೆಲ್ಲ ಇನ್ನು ಸುತ್ತೋಲೆಗಳಲ್ಲಿ ಉಳಿಯದೆ ಕಾಯ್ದೆಯ ಮೈಯೊಳಗೇ ಬಂದಿವೆ.

ಕಣ್ಗಾವಲು ಬೇಡವೆಂದು ನಾನು ವಾದಿಸುತ್ತಿಲ್ಲ. ಅದು ಎರಡೂ ಕಡೆಗೆ ನೋಡಲಿ. ಕೂಲಿಕಾರ್ತಿ ಎಷ್ಟು ಹೊತ್ತಿಗೆ ಬಂದಳೆಂದು ದಾಖಲಿಸುವ ಸಾಫ್ಟ್‌ವೇರ್ ಆಕೆಯ ಕೂಲಿ ಎಷ್ಟು ದಿನ ತಡವಾಯಿತೆಂಬುದನ್ನೂ ಎಣಿಸಬಲ್ಲದು. 2005ರ ಕಾಯ್ದೆಯಡಿ ಕೂಲಿ ಹದಿನೈದು ದಿನ ದಾಟಿದರೆ ದಿನಕ್ಕೆ ಶೇ 0.05 ಪರಿಹಾರ ಸಲ್ಲಬೇಕಿತ್ತು. ಕರ್ನಾಟಕದಲ್ಲಿ 2025–26ರ ಕೂಲಿ ದಿನಕ್ಕೆ 370 ರೂಪಾಯಿ. ಆರು ದಿನದ ದುಡಿಮೆಯ 2,220 ರೂಪಾಯಿ ತಡವಾದರೆ ಸರ್ಕಾರದ ಮೇಲೆ ಬೀಳುವ ಭಾರ ದಿನಕ್ಕೆ 1 ರೂಪಾಯಿ 11 ಪೈಸೆ. ಕೂಲಿಕಾರ್ತಿ ಒಂದು ಫೋಟೊ ತಪ್ಪಿಸಿಕೊಂಡರೆ ಕಳೆದುಕೊಳ್ಳುವುದು ಇಡೀ ದಿನದ ಕೂಲಿ. ರಾಯಚೂರು ಜಿಲ್ಲೆಯ ಪಂಚಾಯಿತಿಗಳು ಪ್ರತಿ ತಿಂಗಳು ತಮ್ಮ ಗೋಡೆಯ ಮೇಲೆ ಎರಡು ಅಂಕಿ ಬರೆಸಲಿ: ಹಾಜರಿ ತಪ್ಪಿದ ಕೂಲಿ ಎಷ್ಟು, ತಡವಾದ ಕೂಲಿಗೆ ಕೊಟ್ಟ ಪರಿಹಾರ ಎಷ್ಟು. ಹೊಸ ಕಾಯ್ದೆಗೆ ರಾಜ್ಯ ನಿಯಮ ರೂಪಿಸುವಾಗ ಈ ಒಂದು ಸಾಲನ್ನು ಸೇರಿಸಲು ಯಾರ ಅನುಮತಿಯೂ ಬೇಕಿಲ್ಲ.